ಸಂಚಿಯಲ್ಲಿ ಹಿಡಿಯುವ ಪೆನ್ನು

ಹಗರಿಬೊಮ್ಮನಹಳ್ಳಿಯ ಬಸ್ ಸ್ಟ್ಯಾಂಡ್ ಎದುರಿನ ಅಂಗಡಿಯಲ್ಲಿ ಒಂದೊಂದೇ ಪೆನ್ನನ್ನು ನನ್ನ ಎಲೆ-ಅಡಿಕೆ ಸಂಚಿಗೆ ಹಾಕಿ, ದಾರ ಎಳೆದು ನೋಡುತ್ತಿದ್ದೆ. ಎಲ್ಲವೂ ಮೂತಿ ಹೊರಗೆ ಹಾಕುತ್ತಿದ್ದವು.

"ಪೆನ್ನು ಬರದು ನೋಡ್ತಾರಬೇ ಅಜ್ಜಿ, ಸಂಚ್ಯಾಗ ಹಾಕಿ ನೋಡ್ತಾರೇನು?" ಎಂದು ಅಂಗಡಿಯವನು ನಕ್ಕ.

"ನಗಬ್ಯಾಡಲೇ. ಸಹಿ ಮಾಡಾಕ ಕಲ್ತೀನಿ. ಹೆಣ್ಮಕ್ಕಳ ಸಂಘದಾಗ ನಾ ಪೆನ್ನು ಹುಡುಕೂದ್ರಾಗ ಹೆಬ್ಬಟ್ಟು ಹಿಡದು ಮಸಿಯಾಗ ಅದ್ದತಾರ. ಗಿಡ್ಡಂದು ತಗಿ."

ಪೆನ್ಸಿಲ್ ತುಂಡು ತೋರಿಸಿದ. ಅಳಿಸಿಹೋಗುವುದು ಬೇಡ ಎಂದೆ. ಕೊನೆಗೆ ಬೆರಳುದ್ದದ ಪೆನ್ನು ತಂದ. ಸಂಚಿಯ ಬಾಯಿ ಮುಚ್ಚಿತು.

ಮುಂದಿನ ಸಭೆಯಲ್ಲಿ ಮಸಿ ಡಬ್ಬಿ ನನ್ನ ಹತ್ತಿರ ಬರುವ ಮೊದಲೇ ಸಂಚಿ ಬಿಚ್ಚಿ ಸಹಿ ಹಾಕಿದೆ. ಪೆನ್ನಿಗೆಲ್ಲ ಈಗ ಸುಣ್ಣ ಮೆತ್ತಿದೆ. ಮೆತ್ತಲಿ. ನನ್ನ ಹೆಬ್ಬೆರಳಿಗೆ ಮಸಿ ಮೆತ್ತಲು ಇನ್ನು ಯಾರಿಗೂ ಬಿಡುವುದಿಲ್ಲ.