ಊರು ಬಿಡ್ತೀವಿ ಅನ್ನೋ ಹಾಡು

ದೋಸ್ತರೇ, ಇವತ್ತು ಸೇಡಂನಿಂದ ನಮ್ಮೂರು ತೆಂಗಳಿಗೆ ಹೋಗೋ ಕ್ರೂಸರ್‌ನಾಗ ನನ್ನ ಇಯರ್‌ಫೋನ್ ಕಿತ್ತು ಬಂದು, ಕಾಲೇಜ್ ದಿನದಿಂದ ಕೇಳ್ಕೋತ ಬಂದ ಇಂಗ್ಲಿಷ್ ಪಾಪ್-ಪಂಕ್ ಬ್ಯಾಂಡಿನ ಅಬ್ಬರದ ಹಾಡು ಗಾಡಿ ತುಂಬಾ ಕೇಳಿಸ್ತು. ಡ್ರೈವರ್ "ಬಂದ್ ಮಾಡ್ರಿ" ಅಂದ. ಬಾಜೂಕ ಕುಂತಿದ್ದ ಒಬ್ಬ ಮುದುಕಿ ಆಯಿ "ಇರ್ಲಿ ಬಿಡೋ" ಅಂದು ನನ್ನ ಕಡೆ ತಿರುಗಿದಳು.

"ಯಾಕ ಹಿಂಗ ಒದರಾಕತ್ತಾರ ತಮ್ಮಾ?"

"ಈ ಊರಾಗ ಇರಂಗಿಲ್ಲ, ನಾಳೆನೇ ಬಿಟ್ಟು ಹೋಗ್ತೀವಿ ಅಂತ ಹಾಡಾಕತ್ತಾರ, ಆಯಿ."

"ಸಣ್ಣ ಹುಡುಗರೇನು?"

"ಐವತ್ತು ದಾಟ್ಯಾರ. ಇಪ್ಪತ್ತೈದು ವರ್ಷದಿಂದ ಇದೇ ಹಾಡು, ಇದೇ ಜೋಶ್. ದನಿ ಒಂದೀಟೂ ಇಳಿದಿಲ್ಲ. ಇವತ್ತಿಗೂ ಮೈದಾನ ತುಂಬ್ತದ."

ಆಯಿ ಭಾಳ ವಿಚಾರ ಮಾಡಿ ಕೇಳಿದಳು: "ಹಂಗಾದ್ರ ಇನ್ನೂ ಹೋಗಿಲ್ಲೇನು?"

ಗಾಡಿ ಪೂರ್ತಿ ನಕ್ಕಿತು. ನಾನು ಹಾಡು ಬಂದ್ ಮಾಡಲಿಲ್ಲ. ಇಪ್ಪತ್ತೈದು ವರ್ಷದಿಂದ ಅದೇ ಹಾಡು ಕೇಳ್ಕೋತ, ಇದೇ ಕ್ರೂಸರ್‌ನಾಗ ಬಂದು, ತೆಂಗಳಿಯಾಗೇ ಇಳೀತೀನಿ.