ನನ್ನ ಗೂಢಚಾರನ ಜೋಳಿಗೆ

ನಾನೂ ಒಂದು ಸಿನಿಮಾಕ್ಕೆ ಕಥೆ ಕೊಟ್ಟವನೇ. ಈ ಸಂಗತಿಯನ್ನು ನಾನಾಗಿ ಯಾರಿಗೂ ಹೇಳುವುದಿಲ್ಲ. ಹೇಗೋ ತಿಳಿದುಕೊಂಡು ಬಂದವರು, "ಅಯ್ಯೋ, ಆ ಗೂಢಚಾರನ ಪಿಕ್ಚರ್ ನಿಮ್ಮದೇನ್ರೀ? ಅಮರ ಚಿತ್ರ ಕಣ್ರೀ ಅದು!" ಎಂದು ಕಣ್ಣರಳಿಸಿದರೆ, ಕಾಫಿ ತರುವ ನೆವದಲ್ಲಿ ಎದ್ದು ಒಳಗೆ ಹೋಗಿಬಿಡುತ್ತೇನೆ. ಕೀರ್ತಿಗೆ ಸಂಕೋಚಪಡುವಷ್ಟು ದೊಡ್ಡ ಮನುಷ್ಯ ನಾನಲ್ಲ. ಹೊಗಳಿದರೆ ಇನ್ನೊಂದಿಷ್ಟು ಹೊಗಳಲಿ ಅಂತ ಕಾಯುವ ಪೈಕಿ. ಈ ಒಂದು ವಿಷಯದಲ್ಲಿ ಮಾತ್ರ ನನಗೆ ಮುಖ ಎತ್ತಲಾಗುವುದಿಲ್ಲ.

ಆಗ ನಾನು ಕೊಳ್ಳೇಗಾಲದಲ್ಲಿ ಹೈಸ್ಕೂಲು ಮೇಷ್ಟ್ರು. ಅರವತ್ತರ ದಶಕ, ಗಡಿಯಲ್ಲಿ ಯುದ್ಧ ಮುಗಿದು ಹೆಚ್ಚು ದಿನ ಆಗಿರಲಿಲ್ಲ. ಗುರುತಿಲ್ಲದವರ ಮೇಲೆ ಒಂದು ಕಣ್ಣಿಟ್ಟಿರಬೇಕೆಂಬ ಮಾತು ಎಲ್ಲರ ಬಾಯಲ್ಲೂ ಇತ್ತು. ಪಾತ್ರೆಗೆ ಕಲಾಯಿ ಹಾಕಲು ಬಂದವನನ್ನೂ ನಮ್ಮ ಜನ ಎರಡೆರಡು ಸಲ ನೋಡುತ್ತಿದ್ದರು. ಭೂಗೋಳ ಪಾಠ ಮಾಡುತ್ತಿದ್ದ ನನಗೆ ಇದ್ದಕ್ಕಿದ್ದಂತೆ ದೇಶಭಕ್ತಿ ಉಕ್ಕಿ, ಒಂದು ಪತ್ತೇದಾರಿ ಕಾದಂಬರಿ ಬರೆದೆ. ಶತ್ರುದೇಶದ ಗೂಢಚಾರನೊಬ್ಬ ನಮ್ಮ ಹನೂರಿನ ಕಾಡಂಚಿಗೆ ಬಂದು ಅಡಗುತ್ತಾನೆ. ಯಾವ ವೇಷದಲ್ಲಿ? ಗೂಢಚಾರನಿಗೆ ಸನ್ಯಾಸಿಯ ವೇಷವೇ ವಾಸಿ ಎಂದು ರಾಜನೀತಿ ಬರೆದ ಹಿಂದಿನವರೇ ಹೇಳಿಟ್ಟಿದ್ದಾರೆ. ನಾನು ಅದನ್ನೇ ನಮ್ಮ ಸೀಮೆಗೆ ಒಗ್ಗಿಸಿ, ಅವನನ್ನು ಮಾದಪ್ಪನ ದೇವರಗುಡ್ಡನನ್ನಾಗಿ ಮಾಡಿದೆ.

ದೇವರಗುಡ್ಡ ಅಂದರೆ ಬೆಟ್ಟದ ಮಾದೇಶ್ವರನಿಗೆ ಹರಕೆ ಹೊತ್ತು ದೀಕ್ಷೆ ಪಡೆದವನು. ಕೊರಳಲ್ಲಿ ರುದ್ರಾಕ್ಷಿ, ಕೈಯಲ್ಲಿ ಕಂಚಿನ ಕಂಸಾಳೆ, ಹೆಗಲಲ್ಲಿ ಜೋಳಿಗೆ. ಮನೆ ಮನೆ ಮುಂದೆ ನಿಂತು ಕಂಸಾಳೆ ಬಾರಿಸುತ್ತ ದೇವರ ಕಥೆ ಹಾಡಿ ಭಿಕ್ಷೆ ಎತ್ತುತ್ತಾನೆ. ಕೂಡಿದ ಕಾಳನ್ನು ಬೆಟ್ಟಕ್ಕೆ ಹೊತ್ತು, ಅಲ್ಲಿ ಅಟ್ಟು, ಬಂದವರಿಗೆಲ್ಲ ಉಣಬಡಿಸಿದರೆ ಆ ವರ್ಷದ ಹರಕೆ ಸಂದಂತೆ. ಅವನ ಜೋಳಿಗೆಗೆ ಜನ ಕಾಳು ಹಾಕುತ್ತಾರೆ, ಒಳಗೇನಿದೆ ಎಂದು ಯಾರೂ ಇಣುಕುವುದಿಲ್ಲ. ವೈರ್‌ಲೆಸ್ ಯಂತ್ರ ಬಚ್ಚಿಡಲು ಇದಕ್ಕಿಂತ ಒಳ್ಳೆಯ ಜಾಗ ಉಂಟೇ! ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಪುಸ್ತಕ ಹೇಗೋ ಒಬ್ಬ ನಿರ್ದೇಶಕರ ಕೈಗೆ ಸಿಕ್ಕಿ, ಸಿನಿಮಾದವರು ಹನೂರಿಗೇ ಬಂದಿಳಿದರು. ಹನೂರಿನ ಬಡಗಿ ಹಲಸಿನ ಹಲಗೆಯ ಡಬ್ಬಿಗೆ ಸೈಕಲ್ ಕಡ್ಡಿ ಸಿಕ್ಕಿಸಿ ವೈರ್‌ಲೆಸ್ ಮಾಡಿಕೊಟ್ಟ. ತೊಂದರೆಯಾದದ್ದು ಕಂಸಾಳೆಯಿಂದ. ಗೂಢಚಾರನ ಪಾತ್ರದ ನಟ ಅದನ್ನು ದೋಸೆ ಮಗುಚುವ ಹಾಗೆ ಹಿಡಿಯುತ್ತಿದ್ದ. ನಾನೇ ಮಧುವನಹಳ್ಳಿಗೆ ಹೋಗಿ ಗುಡ್ಡ ಮಾದಯ್ಯನನ್ನು ಕರೆತಂದೆ. ಅರವತ್ತರ ಆಸುಪಾಸಿನ, ಒಣಗಿದ ಮೈಯ, ಕಂಚಿನಂಥ ಕಂಠದ ಮುದುಕ. ದೀಕ್ಷೆಯಿಲ್ಲದವನ ಕೈಗೆ ಕಂಸಾಳೆ ಕೊಡುವುದಕ್ಕೆ ಅವನು ಹಿಂದೆಮುಂದೆ ನೋಡಿದ.

"ಪಿಚ್ಚರ್ನಲ್ಲಿ ನಮ್ಮಪ್ಪಾಜಿ ಮಾದಪ್ಪನ ಕತೆ ಬತ್ತದಾ ಸಾ?" ಎಂದು ಕೇಳಿದ.

"ಬರದೆ ಇರುತ್ತಾ ಗುಡ್ಡಪ್ಪ" ಎಂದೆ.

ಮೇಷ್ಟ್ರ ಮಾತು ಸುಳ್ಳಾಗುವುದುಂಟೇ? ನಂಬಿದ. ಹದಿನೈದು ದಿನ ಆ ನಟನ ಮಣಿಕಟ್ಟು ಹಿಡಿದು, ಮಗುವಿಗೆ ನಡಿಗೆ ಕಲಿಸುವಂತೆ ಕಲಿಸಿದ. ಇತ್ತ ನಿರ್ದೇಶಕರು ನನ್ನನ್ನು ಪಕ್ಕಕ್ಕೆ ಕರೆದು, "ಕೊನೆಯಲ್ಲಿ ಪೊಲೀಸರು ಹಿಡಿದರೆ ಸಪ್ಪೆ ಮೇಷ್ಟ್ರೇ, ಜನರೇ ಹಿಡಿಯಲಿ" ಎಂದರು. ನಾನು ಮರದ ನೆರಳಲ್ಲಿ ಕೂತು ಒಂದೇ ಉಸಿರಿಗೆ ಹೊಸ ಮುಕ್ತಾಯ ಬರೆದುಕೊಟ್ಟೆ. ಕೊಳ್ಳೇಗಾಲದ ಟೆಂಟಿನಲ್ಲಿ ಆ ದೃಶ್ಯಕ್ಕೆ ಬಿದ್ದ ಶಿಳ್ಳೆ ಕೇಳಿ ನಾನೂ ಉಬ್ಬಿಹೋಗಿದ್ದೆ.

ಚಿತ್ರ ಬಂದು ತಿಂಗಳಾಗಿರಬಹುದು. ಮಾದಯ್ಯ ನಮ್ಮ ಮನೆ ಜಗುಲಿಯ ಕೆಳಗೆ ನಿಂತಿದ್ದ.

"ಮೇಷ್ಟ್ರೇ, ಜನ ಜೋಳ್ಗೆ ಒಳೀಕೆ ಕೈ ಆಕ್ತಾವ್ರೆ ಸಾ. ಎಲ್ಲಲಾ ನಿನ್ನ ಮಿಸನ್ನು ಅಂತಾರೆ. ಬಾಗ್ಲಿಗೋದ್ರೆ ಎಣ್ಮಕ್ಳು ಕದ ಆಕ್ಕತಾರೆ. ಬೆಟ್ಟಕ್ಕೆ ಓಗೋಕೆ ಇನ್ನು ಇಪ್ಪತ್ತು ದಿನ ಅದೆ, ಒಂದು ಸೇರು ರಾಗಿ ಕೂಡ್ನಿಲ್ಲ. ನಮ್ಮಪ್ಪನ ಕಾಲ್ದಿಂದ ಒಂದು ವರ್ಸಾನೂ ತಪ್ಪಿಲ್ಲ ಸಾ."

ನಾನೇ ಜೊತೆಗೆ ನಾಲ್ಕು ಊರು ತಿರುಗಿ, "ಇವನು ಒಳ್ಳೆಯವನು, ಕೆಟ್ಟದ್ದು ಬರೆದವನು ನಾನು" ಎಂದು ಹೇಳಬಹುದಿತ್ತು. ಆದರೆ ನಾನು ಮೇಷ್ಟ್ರು ನೋಡಿ! ಲೋಕದ ಕಷ್ಟಕ್ಕೆಲ್ಲ ನನಗೆ ಗೊತ್ತಿದ್ದ ಮದ್ದು ಒಂದೇ, ಸರ್ಟಿಫಿಕೇಟು. 'ಈತ ನನಗೆ ಚೆನ್ನಾಗಿ ಪರಿಚಿತನು, ಸಚ್ಚಾರಿತ್ರ್ಯವುಳ್ಳವನು' ಎಂದು ಬರೆದು, ಕೆಳಗೆ ಇಂಗ್ಲಿಷಿನಲ್ಲೂ ಬರೆದು, ಸಹಿ ಮಾಡಿ, ನೇರಳೆ ಬಣ್ಣದ ಮೊಹರು ಒತ್ತಿಕೊಟ್ಟೆ. ಅವನು ಅದನ್ನು ಕಣ್ಣಿಗೊತ್ತಿಕೊಂಡು ಜೋಳಿಗೆಯಲ್ಲಿ ಇಟ್ಟುಕೊಂಡ.

ಕಾದಂಬರಿ ಬರೆದವನಿಗೆ ತನ್ನ ಕಾದಂಬರಿ ನೆನಪಿರುವುದಿಲ್ಲ. ಓದಿದವರಿಗೆ, ನೋಡಿದವರಿಗೆ ನೆನಪಿರುತ್ತದೆ. ನನ್ನ ಗೂಢಚಾರನ ಜೋಳಿಗೆಯಲ್ಲಿ ವೈರ್‌ಲೆಸ್ ಒಂದೇ ಇರಲಿಲ್ಲ. ಯಾರಾದರೂ ತಡೆದರೆ ತೋರಿಸಲೆಂದು ಅವನೊಂದು ಖೊಟ್ಟಿ ಪತ್ರವನ್ನೂ ಇಟ್ಟುಕೊಂಡಿರುತ್ತಾನೆ, ಮೊಹರು ಒತ್ತಿದ್ದು! ಪರದೆಯ ಮೇಲೆ ಆ ಮೊಹರನ್ನು ಇಷ್ಟು ದೊಡ್ಡದಾಗಿ ತೋರಿಸಿದ್ದರು. ಯಳಂದೂರಿನ ಆಚೆಗೆ ಒಂದೂರಿನಲ್ಲಿ, ಹೆಸರು ಬೇಡ, ಹಾಡುಹಗಲೇ ನಾಲ್ಕು ಜನ ಅವನನ್ನು ತಡೆದರಂತೆ. ಪಾಪ, ಮಾದಯ್ಯ ಹೆಮ್ಮೆಯಿಂದಲೇ ಕಾಗದ ತೆಗೆದು ಕೊಟ್ಟಿದ್ದಾನೆ. "ದೇವರ ಗುಡ್ಡಂಗೆ ಇಂಗ್ಲೀಸ್ ಕಾಗ್ದ ಯಾಕಲಾ? ಇವ್ನೇ ಕಣ್ರಲಾ!" ಎಂದು ಒಬ್ಬ ಕೂಗಿದ್ದೇ ಸಾಕಾಯಿತು.

ನಾನು ಸುದ್ದಿ ಕೇಳಿ ಮಧುವನಹಳ್ಳಿಗೆ ಓಡಿದಾಗ ಅವನು ಗೋಡೆಗೊರಗಿ ಕೂತಿದ್ದ. ಬಲಗೈಗೆ ಬಿದಿರಿನ ದಬ್ಬೆ ಇಟ್ಟು ಕಟ್ಟಿದ್ದರು. ಕಂಸಾಳೆಯ ತಾಳವನ್ನು ಬೀಸುವ ಕೈಯೇ ಅದು. ನನ್ನ ಹೆಂಡತಿ ಕಳಿಸಿದ್ದ ರಾಗಿಯ ಚೀಲವನ್ನು ಮುಂದಿಟ್ಟೆ.

"ಬ್ಯಾಡಿ ಸಾ. ಕಂಸಾಳೆ ಬಾರ್ಸಿ ಪದ ಆಡ್ದೆ ಈಸ್ಕಬಾರ್ದು. ಈ ವರ್ಸ ತಪ್ಪೋಯ್ತು" ಎಂದ.

"ನನ್ನಿಂದ ಹೀಗಾಯ್ತು ಗುಡ್ಡಪ್ಪ, ನಿನಗೆ ಸುಳ್ಳು ಹೇಳಿ ಕರೆದುಕೊಂಡು ಹೋದೆ" ಎಂದೆ. ಇನ್ನೂ ಏನೋ ಹೇಳಬೇಕೆಂದಿದ್ದೆ, ಅಳು ಬಂದುಬಿಟ್ಟಿತು.

ಅವನು ಎಡಗೈಯಿಂದ ಚೀಲವನ್ನು ನನ್ನ ಕಡೆಗೆ ಸರಿಸಿ, "ನಾನು ಆ ಪಿಚ್ಚರ್ ನೋಡ್ನಿಲ್ಲ. ಕಡೀಲಿ ಆ ಗುಡ್ಡ ಏನಾದ ಸಾ?" ಎಂದು ಕೇಳಿದ. ನಾವೆಲ್ಲ ಗೂಢಚಾರ ಎನ್ನುತ್ತಿದ್ದವನನ್ನು ಅವನು ಗುಡ್ಡ ಎಂದೇ ಕರೆದ.

"ಊರವರೆಲ್ಲ ಸೇರಿ ಹೊಡೆದರು."

"ಆಮ್ಯಾಕೆ?"

"ಸತ್ತುಹೋದ. ಹಾಗಂತ ನಾನೇ ಬರೆದೆ."

ಮಾದಯ್ಯ ಕಟ್ಟಿದ ಕೈಯನ್ನೊಮ್ಮೆ ನೋಡಿಕೊಂಡ.

"ಅಂಗಾರೆ ನೀವು ಬರ್ದಿರೋ ಜನಕ್ಕಿಂತ ನಮ್ ಜನವೇ ವಾಸಿ ಕಣ್ ಸಾ" ಎಂದ. "ಕೈ ಮುರುದ್ ಮೇಲೆ ಬುಟ್ಬುಟ್ರು."