ಮೂರು ಪಕ್ಕೆಲುಬು ಕಾಣಬೇಕು

ನಾಯಿ ಸಾಕಿದವರನ್ನು ಶ್ವಾನ ಪ್ರದರ್ಶನಕ್ಕೆ ಹೊರಡಿಸುವ ಕೆಲಸ ನನ್ನ ವೈರಿಗೂ ಬೇಡ. ಕಾಲೇಜಿನ ಕಚೇರಿಯಲ್ಲಿ ಇಡೀ ಸರ್ವೀಸು ಹುಡುಗರಿಂದ ಅರ್ಜಿ ತುಂಬಿಸಿ ತುಂಬಿಸಿ ನಿವೃತ್ತಳಾದವಳು ನಾನು. ಇನ್ನಾದರೂ ನನ್ನ ಮುದಿ ಲ್ಯಾಬ್ರಡಾರ್ ಜೊತೆ ಹಿಂದವಾಡಿಯ ಓಣಿಗಳಲ್ಲಿ ಬೆಳಗಿನ ತಿರುಗಾಟ ಮಾಡಿಕೊಂಡು ಸುಮ್ಮನಿರೋಣವೆಂದರೆ, ಊರಿನ ನಾಯಿಪ್ರಿಯರ ಸಂಘದವರು ಮನೆಗೇ ಬಂದು ಕುಳಿತರು. "ಅಕ್ಕಾರ, ನಿಮಗ ಅರ್ಜಿ ತುಂಬ್ಸೋದು ರೂಢಿ ಐತಿ. ನಾಯಿ ಕೂಡ್ಸೂ ಕೆಲಸ ನೀವ ನೋಡ್ಕೋರಿ" ಎಂದರು. ನಾನೂ ಹ್ಞೂಂ ಎಂದೆ. ಅಲ್ಲಿಗೆ ನೆಮ್ಮದಿ ಮುಗಿಯಿತು.

"ಮಂದಿ ಎಣಿಸೋದು ಮುಗೀತು, ಈಗ ನಾಯಿಗಣತಿ ಹಚ್ಚಿ ಏನು?" ಎಂದು ನನ್ನ ಯಜಮಾನರು ಪೇಪರಿನ ಹಿಂದಿನಿಂದ ಕೇಳಿದರು. ಅವರಿಗೇನು, ಪೇಪರು ಓದುವವರಿಗೆ ಎಲ್ಲವೂ ತಮಾಷೆ.

ಫಾರಂ ಹಿಡಿದು ಓಣಿ ಓಣಿ ತಿರುಗಿದೆ. ಜರ್ಮನ್ ಶೆಪರ್ಡ್ ಇದ್ದ ಮನೆಯಾತ ಗೇಟಿನಲ್ಲೇ ನಿಂತು, "ಫಸ್ಟ್ ಬರ್ತೈತೇನ್ರಿ? ಗ್ಯಾರಂಟಿ ಇದ್ರ ಬರ್ತೀನಿ" ಎಂದ. ಪಗ್ ಸಾಕಿದಾಕೆ, ಅಷ್ಟು ಮಂದಿ ನೋಡಿದರೆ ನಜರ ತಾಗುತ್ತದೆ ಎಂದಳು. ಮೂರನೆಯವರು ಅಂದು ಬೀಗರ ಮನೆಯಲ್ಲಿ ಸೀಮಂತವಿದೆ ಎಂದರು. ಸೀಮಂತಕ್ಕೆ ನಾಯಿ ಹೋಗುತ್ತದೆಯೇ? ಇನ್ನೊಬ್ಬರು ತಮ್ಮದಕ್ಕೆ ಸ್ನಾನ ಮಾಡಿಸಿದರೆ ಶೀತವಾಗುತ್ತದೆ ಎಂದು ಹೇಳುತ್ತಿರುವಾಗಲೇ ಅವರ ನಾಯಿ ಚರಂಡಿಯಿಂದ ಎದ್ದು ಬಂದು ನನ್ನ ಸೀರೆಯ ಮೇಲೆ ಮೈ ಕೊಡವಿತು. ಪ್ರದರ್ಶನವೆಂದರೆ ಬಹುಮಾನದ ಕಪ್ಪು, ಫೋಟೋ, ಜಂಬ ಎಂದೇ ಎಲ್ಲರ ತಿಳುವಳಿಕೆ. ಅಲ್ರೀ, ತಿಳಿದವರೊಬ್ಬರು ನಿಮ್ಮ ನಾಯಿಯ ಹಲ್ಲು, ಬೆನ್ನು, ನಡಿಗೆಯನ್ನು ಮುಟ್ಟಿ ನೋಡಿ ಇದು ಸರಿ, ಇದು ಸರಿಯಿಲ್ಲ ಎಂದು ಬಾಯಿಬಿಟ್ಟು ಹೇಳುತ್ತಾರೆ, ಅದಕ್ಕಾದರೂ ಬನ್ನಿ ಎಂದು ಹೇಳಿ ಹೇಳಿ ನನ್ನ ಗಂಟಲು ಕಟ್ಟಿತು.

ಇವರ ಮೇಲಿನ ಸಿಟ್ಟು ಬಿಡಿ, ಅದು ಸಂಜೆಯೊಳಗೆ ಇಳಿಯುತ್ತಿತ್ತು. ಇಳಿಯದಿದ್ದದ್ದು ಮುಧೋಳ ನಾಯಿಗಳ ವಿಷಯ. ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ಮುಟ್ಟುವ ಊರಿನ ತಳಿ ಅದು. ನಮ್ಮ ಕಡೆ ಕುರಿ ಮೇಯಿಸುವವರ ಮನೆಗಳಲ್ಲಿ ತಲೆತಲಾಂತರದಿಂದ ಇದೆ. ಆದರೆ ಹಿಂದಿನ ವರ್ಷದ ಪ್ರದರ್ಶನದಲ್ಲಿ ಮುಧೋಳದ ರಿಂಗಿಗೆ ಒಂದು ನಾಯಿಯೂ ಬರಲಿಲ್ಲ. ಸಂಘದವರು ಹಗ್ಗ ಕಟ್ಟಿದ್ದರು, ಬೋರ್ಡು ಹಚ್ಚಿದ್ದರು, ಒಳಗೆ ಒಂದು ಕಾಗೆ ಓಡಾಡುತ್ತಿತ್ತು. ಪರದೇಶದ ನಾಯಿಗಳ ಕಾಗದದಲ್ಲಿ ಮುತ್ತಜ್ಜನ ತನಕ ಹೆಸರು. ನಮ್ಮ ನಾಯಿಗಳ ಫಾರಮಿನಲ್ಲಿ ತಂದೆ ಗೊತ್ತಿಲ್ಲ, ತಾಯಿ ಗೊತ್ತಿಲ್ಲ. ಕಸದ ಡಬ್ಬಿಯಿಂದ ಎತ್ತಿ ತಂದವೇ ಇವು?

ನಾನು ಫಾರಂ ಹಿಡಿದು ತಿರುಗಿದ ವರ್ಷ ರಿಂಗಿಗೆ ಬೇಕಾದ ಕಬ್ಬಿಣದ ಗೂಟಗಳನ್ನು ಮಾಡಿಸಲು ಊರ ಹೊರಗೆ ಮಚ್ಛೆಯ ಒಂದು ಸಣ್ಣ ವರ್ಕ್‌ಶಾಪಿಗೆ ಹೋಗಿದ್ದೆ. ವೆಲ್ಡಿಂಗ್ ಮಾಡುತ್ತಿದ್ದಾತ ನಲವತ್ತರ ಆಸುಪಾಸಿನವನು. ಅಳತೆ ಬರೆದುಕೊಳ್ಳಲು ಮೊಬೈಲು ತೆಗೆದ. ಅದರ ಪರದೆಯ ಮೇಲೆ ಹೆಂಡತಿ ಮಕ್ಕಳಿಲ್ಲ, ಒಂದು ನಾಯಿ. ಉದ್ದ ಮೂತಿ, ಒಳಸರಿದ ಹೊಟ್ಟೆ, ಬಿಲ್ಲಿನಂತೆ ಬಾಗಿದ ಬೆನ್ನು. ನಾನು ಗೂಟ ಮರೆತೆ.

"ಇದು ಯಾರದು?"

"ನಮ್ಮದ್ರಿ. ಖಾನಾಪುರದ ಬಾಜು ನಮ್ಮ ಹಳ್ಳಿ. ಕುರಿ ಮಾರಿದ್ವಿ, ಇಕಿನ್ನ ಮಾರಾಕ ಅವ್ವ ಬಿಡಲಿಲ್ರಿ" ಎಂದ.

ದೀಪಾವಳಿ ಮುಗಿದ ವಾರ ಅವರ ಮನೆಗೆ ಹೋದೆ. ಭತ್ತ ಕೊಯ್ದ ಗದ್ದೆಯ ಅಂಚಿಗೆ ಹೆಂಚಿನ ಮನೆ. ಅಂಗಳದಲ್ಲಿ ಅವನ ತಾಯಿ ಕಸಬರಿಗೆ ಹಿಡಿದು ನಿಂತಿದ್ದರು. ನನಗಿಂತ ಹತ್ತು ವರ್ಷ ಹಿರಿಯರು, ಕಚ್ಚೆ ಸೀರೆ, ಮಾತಿಗೆ ಕನ್ನಡವೂ ಸೈ ಮರಾಠಿಯೂ ಸೈ. ನಾನು ಆಯಿ ಎಂದೇ ಕರೆದೆ. ಅವರ ಕಾಲಿಗೆ ಒರಗಿ ನಿಂತಿತ್ತು ಆ ಹೆಣ್ಣು ನಾಯಿ. ಆಹಾ, ಫೋಟೋ ಏನೂ ಅಲ್ಲ. ಮುಧೋಳ ನಾಯಿ ಓಡುವ ನಾಯಿ. ಹಿಂದಿನ ಮೂರು ಪಕ್ಕೆಲುಬು ಚರ್ಮದಡಿ ಮಸುಕಾಗಿ ಕಾಣಬೇಕು, ಅದೇ ಅದರ ಅಂದ. ಇವಳಿಗೆ ಅಳೆದು ಮಾಡಿದ ಹಾಗೆ ಕಾಣುತ್ತಿದ್ದವು. ನಾನು ಅವಳ ಪಕ್ಕೆಯ ಮೇಲೆ ಕೈಯಾಡಿಸಿದೆ.

"ಅಬಬಬ, ಎಲಬು ಎಣಿಸ್ಬೋದಲ್ರೀ" ಎಂದೆ.

ಮೆಚ್ಚಿ ಆಡಿದ ಮಾತು. ಕೊರಳಿಗೆ ಹಾರ ಹಾಕಿದಷ್ಟು ಮೆಚ್ಚಿ. ಆಯಿ ಕಸಬರಿಗೆ ಮೂಲೆಗಿಟ್ಟು ಒಳಗೆ ಹೋದರು. ಬರುವಾಗ ನನಗೂ ತಮಗೂ ಚಹ ತಂದರು, ಜೊತೆಗೆ ನಾಯಿಗೆ ಒಂದು ಬಟ್ಟಲು ಹಾಲು. ಒಳ್ಳೆಯ ಮನೆತನ ಎಂದುಕೊಂಡೆ.

ಮಗ, ನಾನು ಕೂಡಿ ಫಾರಂ ತುಂಬಲು ಕುಳಿತೆವು. ನಾಯಿಯ ಹೆಸರು ಕೇಳಿದೆ. "ಹೆಸರ ಯಾಕ್ರಿ? ಶಿಳ್ಳಿ ಹೊಡದ್ರ ಬರ್ತಾಳ" ಎಂದರು ಆಯಿ. ತಾಯಿಯ ಹೆಸರು ಎಂಬ ಖಾನೆಗೆ ಬಂದಾಗ ಮಾತ್ರ ಅವರ ಬಾಯಿ ತೆರೆಯಿತು. ಇವಳ ತಾಯಿ ತೋಳವನ್ನು ಹೊಲದ ಒಡ್ಡಿನ ತನಕ ಅಟ್ಟಿದ್ದು, ಅವಳ ತಾಯಿ ತಮ್ಮ ಮದುವೆಯ ವರ್ಷ ತವರಿನಿಂದ ತಮ್ಮ ಜೊತೆಗೇ ಬಂದದ್ದು, ಅದರ ಬಣ್ಣ, ಅದರ ಹಟ. ಅಜ್ಜಿ, ಮುತ್ತಜ್ಜಿ ಎಲ್ಲ ನೆನಪಿನಲ್ಲಿತ್ತು. ಕಾಗದದಲ್ಲಿ ಮಾತ್ರ ಒಂದಕ್ಷರವಿಲ್ಲ. ನಾನು "ಗೊತ್ತಿಲ್ಲ" ಎಂದು ಬರೆಯುವುದನ್ನು ನೋಡಿ, "ಗೊತ್ತದಲ್ರೀ, ಈಗ ಹೇಳಿದ್ನೆಲ್ಲಾ" ಎಂದರು. ತಳಿಯ ಪುಸ್ತಕಕ್ಕೆ ಏರದ ನಾಯಿಯನ್ನು ಇಲ್ಲಿ ಬರೆಯುವಂತಿಲ್ಲ, ನಿಯಮ ಹಾಗಿದೆ ಆಯಿ ಎಂದೆ. ನಿಯಮವನ್ನು ವಿವರಿಸಿ ಹೇಳಿದೆ ಕೂಡ. ಕಾಗದವಿಲ್ಲದ ನಮ್ಮ ಕಡೆಯ ನಾಯಿಯನ್ನು ಹೊರಗಿನಿಂದ ಬಂದ ಜಡ್ಜ್ ರಿಂಗಿನಲ್ಲಿ ಪರೀಕ್ಷೆ ಮಾಡಿ, ಇದು ಶುದ್ಧ ತಳಿ ಎಂದು ಸಹಿ ಹಾಕಿದರೆ, ಆವತ್ತಿನಿಂದ ಅದರ ಹೆಸರು ಪುಸ್ತಕಕ್ಕೆ ಏರುತ್ತದೆ. ಆಮೇಲೆ ಅದು ಹಾಕುವ ಮರಿಗಳ ಫಾರಮಿನಲ್ಲಿ ತಾಯಿಯ ಹೆಸರು ಇರುತ್ತದೆ.

ಆಯಿ ನಾಯಿಯ ಕಿವಿ ಸವರಿದರು. "ಡಾಕ್ಟರ್ ಹೇಳ್ಯಾರ್ರಿ, ಇನ್ನೊಂದ ಸಲ ಮರಿ ಹಾಕ್ಲಿ, ಆಮ್ಯಾಲೆ ಬ್ಯಾಡ ಅಂತ. ವಯಸ್ಸಾತು. ಅವಕ್ಕರೆ ಅವ್ವ ಯಾರಂತ ಬರೀಲಿ" ಎಂದರು. ಜನವರಿಯಲ್ಲಿ ಪ್ರದರ್ಶನ, ಬೇಸಿಗೆಯಲ್ಲಿ ಮರಿ. ಅಂದರೆ ಇದೊಂದೇ ಅವಕಾಶ. ಹೋಗುವಾಗ ಅವರ ಕೈ ಹಿಡಿದು, "ಛಲೋತ್ನಾಗಿ ನೋಡ್ಕೋರಿ ಆಯಿ, ದೊಡ್ಡ ದೊಡ್ಡ ಮಂದಿ ನೋಡ್ತಾರ" ಎಂದು ಹೇಳಿ ಬಂದೆ. ನನ್ನ ನಾಲಿಗೆಗೆ ಬೆಂಕಿ ಹಾಕ.

ಮತ್ತೆ ಆ ಕಡೆ ಹೋಗಲಾಗಲಿಲ್ಲ. ಮೊಣಕಾಲು ಕೈಕೊಟ್ಟಿತ್ತು, ಅದರಲ್ಲೂ ಹಿಂದವಾಡಿಯವರ ನಖರಾ ಮುಗಿಯುವಂಥದ್ದಲ್ಲ. ವಾರಕ್ಕೊಮ್ಮೆ ಮಗನಿಗೆ ಫೋನು ಹಚ್ಚುತ್ತಿದ್ದೆ. ಹಗ್ಗ ಹಿಡಿದು ನಡೆಸು, ನಿಲ್ಲಲು ಕಲಿಸು, ಹೊರಗಿನವರು ಹಲ್ಲು ಮುಟ್ಟಿದರೆ ಕಚ್ಚದಂತೆ ರೂಢಿ ಮಾಡು ಎಂದು ಪಾಠ. ಅವನೂ ಪಾಪ, ಪಾಳಿ ಮುಗಿಸಿ ಹೋಗಿ ಗದ್ದೆಯಲ್ಲಿ ನಡೆಸುತ್ತಿದ್ದ.

"ಹೆಂಗ ಅದಾಳಪ್ಪ?"

"ಬೆಸ್ಟ್ ಅದಾಳ್ರಿ. ಅವ್ವ ಭಾಳ ಆರೈಕಿ ಮಾಡಾಕತ್ತಾಳ."

"ಮಾಡ್ಲಿ, ಮಾಡ್ಲಿ" ಎಂದೆ ನಾನು. ಒಂದು ಸಲ ಅಲ್ಲ, ಪ್ರತಿ ವಾರ.

ಪ್ರದರ್ಶನದ ದಿನ ಬಂತು. ಬರುತ್ತೇನೆಂದು ಬರೆದುಕೊಟ್ಟವರಲ್ಲಿ ಅರ್ಧದಷ್ಟು ಜನ ಬರಲಿಲ್ಲ. ಗ್ಯಾರಂಟಿ ಕೇಳಿದಾತ ನಾಯಿಯನ್ನು ಮನೆಯಲ್ಲಿ ಬಿಟ್ಟು ತಾನೊಬ್ಬನೇ ನೋಡಲು ಬಂದಿದ್ದ. ಅವನಿಗೆ ನಾಲ್ಕು ಮಾತು ಹೇಳಬೇಕೆಂದು ಹೊರಟವಳು ಪ್ರದರ್ಶನ ನಡೆಯುತ್ತಿದ್ದ ಶಾಲೆಯ ಗೇಟಿನಲ್ಲಿ ಟೆಂಪೋ ನಿಂತದ್ದನ್ನು ಕಂಡು ಅತ್ತ ಓಡಿದೆ. ಮೊದಲು ಮಗ ಇಳಿದ, ಇಸ್ತ್ರಿ ಮಾಡಿದ ಅಂಗಿ. ಆಮೇಲೆ ಆಯಿ, ತೆಗೆದಿಟ್ಟ ಇಳಕಲ್ ಸೀರೆ ಉಟ್ಟಿದ್ದರು. ಆಮೇಲೆ ನಾಯಿ.

ಇಳಿಯಿತು ಎಂದರೆ ತಪ್ಪು, ಇಳಿಸಿದರು. ಹೊಟ್ಟೆ ಕೆಳಗೆ ಬಂದಿತ್ತು. ಸೊಂಟ ಎನ್ನುವುದೇ ಇರಲಿಲ್ಲ. ಬಿಲ್ಲಿನಂತಿದ್ದ ಬೆನ್ನು ಒನಕೆಯಾಗಿತ್ತು. ಮೂರು ಪಕ್ಕೆಲುಬು ಹೋಗಲಿ, ಒಂದನ್ನು ಹುಡುಕಲೂ ಬೆರಳು ಒತ್ತಬೇಕು. ಮೈಯೆಲ್ಲ ತುಪ್ಪ ಸವರಿದ ಹಾಗೆ ಮಿರಿ ಮಿರಿ ಮಿಂಚುತ್ತಿತ್ತು. ಆಯಿಯ ಮುಖವೂ ಹಾಗೇ ಮಿಂಚುತ್ತಿತ್ತು.

"ನೋಡ್ರಿ ಬಾಯಾರ" ಎಂದರು. ಅಷ್ಟೇ.

ಏನಾದರೂ ಹೇಳಬೇಕಲ್ಲ ಎಂದು, ಚಹ ತರಿಸಲೇ ಎಂದು ಕೇಳಿದೆ. "ಬ್ಯಾಡ್ರಿ, ಚಾ ಬಿಟ್ಟೀನಿ" ಎಂದರು. ಸಕ್ಕರೆ ಕಾಯಿಲೆ ಇರಬೇಕು ಎಂದುಕೊಂಡು ಅವರನ್ನು ರಿಂಗಿನ ಕಡೆ ಕರೆದೊಯ್ದೆ.

ಜಡ್ಜ್ ಒಳ್ಳೆಯ ಮನುಷ್ಯ, ಮೆತ್ತಗೆ ಹಿಂದಿ ಮಾತಾಡುವ ಹಿರಿಯರು. ಅವರ ಮೇಲೆ ಸಿಟ್ಟು ಮಾಡಲೂ ಆಗದು. ಹಲ್ಲು ನೋಡಿದರು, ತಲೆ ನೋಡಿದರು, ಮುಖ ಅರಳಿತು. ಬೆನ್ನಿಗೆ ಕೈ ಬಂದಾಗ ನಿಂತಿತು. ಎರಡು ಸಲ ಓಡಿಸಿದರು. ಮಗ ಮುಂದೆ ಓಡಿದ, ನಾಯಿ ಹಿಂದೆ ಏದುಸಿರು ಬಿಡುತ್ತ ಹೊರಳಿಕೊಂಡು ಬಂತು. ಅವರು ನನ್ನನ್ನು ಬದಿಗೆ ಕರೆದರು. ತಲೆ ಮುಧೋಳದ್ದೇ, ಆದರೆ ಈ ಮೈಯಲ್ಲಿ ಮಿಶ್ರ ತಳಿಯ ಸಂಶಯ ಬರುತ್ತದೆ. ಕಾಣದ್ದಕ್ಕೆ ನಾನು ಸಹಿ ಹಾಕುವುದು ಹೇಗೆ. ಮೈ ಇಳಿಸಿ, ಬರುವ ವರ್ಷ ಕರೆತನ್ನಿ ಎಂದರು. ಬೇಸಿಗೆಗೆ ಮರಿ, ಇದೇ ಕೊನೆಯ ಸಲ ಎಂದು ಅಂಗಲಾಚಿದೆ. ಅವರು ತಲೆ ಅಲ್ಲಾಡಿಸಿದರು, ಬೇಸರದಿಂದಲೇ.

ನನ್ನ ಸಿಟ್ಟೆಲ್ಲ, ಗ್ಯಾರಂಟಿಯವನದು, ಸೀಮಂತದವರದು, ಚರಂಡಿ ನಾಯಿಯದು, ಅಷ್ಟನ್ನೂ ಗಂಟು ಕಟ್ಟಿ ತಂದು ಆ ಮುದುಕಿಯ ಮುಂದೆ ಸುರಿದೆ. "ಏನ್ ಹಾಕಿದ್ರಿ ಆಯಿ ಇಕೀಗಿ? ಓಡೂ ನಾಯಿನ ಎಮ್ಮಿ ಮಾಡಿ ತಂದೀರಲ್ಲ. ಬುದ್ಧಿ ಬ್ಯಾಡೇನ್ರಿ? ಈಗ ಮರಿಗೋಳ ಗತಿ ಏನು?"

ಮಗ ತಲೆ ತಗ್ಗಿಸಿ ಹಗ್ಗ ಸುತ್ತಿಕೊಳ್ಳತೊಡಗಿದ. ಆಯಿಯ ಸ್ವರ ಏರಲಿಲ್ಲ.

"ನೀವ ಅಂದ್ರಿ ಬಾಯಾರ. ಬಂದ ಮೊದಲ್ನೇ ದಿನಾ, ನಮ್ಮ ಅಂಗಳದಾಗ ನಿಂತು. ಎಲಬು ಎಣಿಸ್ಬೋದು ಅಂತ. ಮನಿ ಜೀವದ ಎಲಬು ಹೊರಗಿನ ಮಂದಿ ಎಣಿಸಿದ್ರ ನಮ್ಮ ಮಾನ ಉಳೀತೈತೇನ್ರಿ? ಅಷ್ಟ ದೊಡ್ಡ ಮಂದಿ ಮುಂದ ಅಕಿನ್ನ ಹಂಗ ಹೆಂಗ ನಿಂದರ್ಸೂದು? ಮನ್ಯಾಗ ಹಾಲು ಇರೋದ ಅಷ್ಟು. ನಾ ಆವತ್ತಿಂದ ಚಾ ಬಿಟ್ಟು, ನನ್ನ ಪಾಲಿಂದು ಅಕೀಗಿ ಹಾಕೀನ್ರಿ."

ತಪ್ಪಾಯಿತು ಆಯಿ, ಅದು ಹೊಗಳಿಕೆಯಾಗಿತ್ತು ಎಂದೆ. "ಎಲಬು ಕಂಡ್ರ ಹೊಗಳ್ತಾರೇನ್ರಿ?" ಎಂದು ನಿಜವಾಗಿಯೂ ಕೇಳಿದರು. ಉತ್ತರ ಇತ್ತು. ಎರಡು ತಿಂಗಳು ವಾರ ವಾರ ಫೋನಿನಲ್ಲಿ ಹೇಳಬಹುದಾಗಿದ್ದ ಉತ್ತರ, ಒಂದೇ ಒಂದು ವಾಕ್ಯ. ಹಲ್ಲಿನ ಪಾಠ ಹೇಳಿದೆ, ಹಗ್ಗದ ಪಾಠ ಹೇಳಿದೆ, ಅದನ್ನು ಹೇಳಲಿಲ್ಲ. ಗೊತ್ತೇ ಇರುತ್ತದೆ ಎಂದುಕೊಂಡೆ. ಟೆಂಪೋ ಹತ್ತುವಾಗ ಅವರು ನನಗೇ ಸಮಾಧಾನ ಹೇಳಿದರು. ಬೈದಿದ್ದರೆ ವಾಸಿಯಿತ್ತು.

ಏಪ್ರಿಲ್‌ನಲ್ಲಿ ನಾಲ್ಕು ಮರಿ ಹಾಕಿದಳು. ಅಷ್ಟರೊಳಗೆ ಆಯಿ ಬಟ್ಟಲು ಅಳೆದು ಹಾಕಿ, ಮಗ ಗದ್ದೆಯಲ್ಲಿ ಓಡಿಸಿ, ಅವಳ ಮೈ ಹಿಡಿತಕ್ಕೆ ಬಂದಿತ್ತು. ಮರಿಗಳು ಮೊಲೆ ಬಿಡುವ ಹೊತ್ತಿಗೆ ಮೂರು ಪಕ್ಕೆಲುಬೂ ಕಂಡವು. ನಾನು ನೋಡಿ ಬಾಯಿ ಮುಚ್ಚಿಕೊಂಡೆ. ಒಂದು ಹೆಣ್ಣು ಮರಿಯನ್ನು ಆಯಿ ನನ್ನ ಮಡಿಲಿಗೆ ಹಾಕಿದರು. "ಇಕೀಗರೆ ಹೆಸರ ಇಡ್ರಿ" ಎಂದರು. ಅಂದು ಚಹ ಬಂತು, ಎರಡು ಬಟ್ಟಲು, ಅವರೂ ಕುಡಿದರು.

ಈಗ ಮತ್ತೆ ಜನವರಿ ಹತ್ತಿರ ಬಂದಿದೆ. ಗ್ಯಾರಂಟಿಯವನು ಈ ಸಲವೂ ಗೇಟಿನಲ್ಲೇ ನಿಂತು ಗ್ಯಾರಂಟಿ ಕೇಳಿದ. ನಾನು ಈಗ ಯಾರ ಮನೆಗೆ ಹೋದರೂ ಮೊದಲು ಹೇಳುವ ಮಾತು, ನಾಯಿ ಹೇಗಿದೆಯೋ ಹಾಗೇ ಇರಲಿ, ನನ್ನನ್ನು ಕೇಳದೆ ಏನೂ ಮಾಡಬೇಡಿ ಎಂದು. ನಿನ್ನೆ ಊಟವಾದ ಮೇಲೆ ನನ್ನ ಮರಿಯ ಫಾರಂ ತುಂಬಲು ಕುಳಿತೆ. ಹೆಸರು ಬರೆದೆ, ಬಣ್ಣ ಬರೆದೆ, ಹುಟ್ಟಿದ ದಿನ ಬರೆದೆ. ತಾಯಿಯ ಹೆಸರು ಎಂಬಲ್ಲಿ ಪೆನ್ನು ನಿಂತಿತು. ಯಜಮಾನರು ಪೇಪರು ಇಳಿಸಿ ನೋಡಿದರು, ಈ ಸಲ ತಮಾಷೆ ಮಾಡಲಿಲ್ಲ. ಆ ತಾಯಿಯ ಪಕ್ಕೆಲುಬು ಎಣಿಸಿದ ಕೈಯಿಂದಲೇ "ಗೊತ್ತಿಲ್ಲ" ಎಂದು ಬರೆದೆ.